ಮಧ್ಯಾಹ್ನದ ಕರೆಂಟು, ಸಂಜೆಯ ಕರೆಂಟು

ಕನಕಪುರ ತಾಲ್ಲೂಕಿನ ಹಿಪ್ಪುನೇರಳೆ ತೋಟದವರನ್ನು ‘ನೀರು ಯಾವಾಗ ಬಿಡ್ತೀರಿ?’ ಎಂದು ಕೇಳಿದರೆ ಬೆಳಿಗ್ಗೆ, ಸಂಜೆ ಎಂಬ ಉತ್ತರ ಸಿಗುವುದು ಕಡಿಮೆ. ‘ತ್ರೀ ಫೇಸ್ ಕೊಟ್ಟಾಗ’ ಎನ್ನುತ್ತಾರೆ. ಮನೆಯ ದೀಪ, ಫ್ಯಾನು, ಟಿ.ವಿ.ಗೆ ಒಂದು ಫೇಸ್ ಸಾಕು. ಬೋರ್‌ವೆಲ್ಲಿನ ಮೋಟಾರು ತಿರುಗಬೇಕಾದರೆ ಮೂರೂ ತಂತಿಗಳಲ್ಲಿ ಕರೆಂಟು ಇರಬೇಕು. ಒಂದರ ಹಿಂದೊಂದು ಏರಿಳಿಯುವ ಆ ಮೂರು ಅಲೆಗಳು ಸೇರಿ ಮೋಟಾರಿನ ಒಳಗೆ ಸುತ್ತುವ ಕಾಂತಕ್ಷೇತ್ರವೊಂದನ್ನು ಹುಟ್ಟಿಸುತ್ತವೆ. ಅದರ ಬೆನ್ನು ಹತ್ತಿ ರೋಟರ್ ಸುತ್ತುತ್ತದೆ. ಪಂಪ್‌ಸೆಟ್ಟಿಗೆ ಈ ಮೂರು ಫೇಸನ್ನು ದಿನಕ್ಕೆ ಏಳು ಗಂಟೆ ಕೊಡಬೇಕೆಂಬುದು ಸರ್ಕಾರದ ಲೆಕ್ಕ. ಯಾವ ಏಳು ಗಂಟೆ? ಮೇಲುನೋಟಕ್ಕೆ ಇದು ಲೈನ್‌ಮ್ಯಾನ್ ಬಗೆಹರಿಸುವ ಪ್ರಶ್ನೆ. ಆದರೆ ಕರ್ನಾಟಕ ಇಂಗಾಲದ ಹೊಗೆಯಿಂದ ಎಷ್ಟು ಬೇಗ ಬಿಡಿಸಿಕೊಳ್ಳುತ್ತದೆ ಎಂಬುದರ ಬಹುಪಾಲು ಉತ್ತರ ಈ ಪ್ರಶ್ನೆಯಲ್ಲೇ ಇದೆ.

ಹಸಿರು ವಿದ್ಯುತ್ತಿನ ಬಗ್ಗೆ ಪತ್ರಿಕೆಗಳು ಬರೆಯುವುದು ಮೆಗಾವ್ಯಾಟ್‌ಗಳಲ್ಲಿ. ಇಷ್ಟು ಸಾವಿರ ಮೆಗಾವ್ಯಾಟ್ ಸೌರ, ಇಷ್ಟು ಸಾವಿರ ಪವನ ಎಂದು ಅಂಕಿಗಳು ಬೆಳೆಯುತ್ತಲೇ ಇರುತ್ತವೆ. ಆ ಕರೆಂಟು ಹುಟ್ಟುವುದು ಎಷ್ಟು ಗಂಟೆಗೆ, ಅದು ಬೇಕಾಗುವುದು ಎಷ್ಟು ಗಂಟೆಗೆ ಎಂಬುದನ್ನು ಬರೆಯುವವರು ವಿರಳ. ತೊಡಕೆಲ್ಲ ಇರುವುದು ಅಲ್ಲಿಯೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕರ್ನಾಟಕದ ಕರೆಂಟು ಕಲ್ಲಿದ್ದಲಿನಿಂದ ಶುರುವಾಗಿ ಈಗ ಹಸಿರಾಗುತ್ತಿದೆ ಎಂದು ಭಾವಿಸಿದವರು ಬಹಳ ಮಂದಿ. ನಿಜ ಹಾಗಿಲ್ಲ. ನಮ್ಮದು ಹುಟ್ಟಿನಿಂದಲೇ ಹೊಗೆಯಿಲ್ಲದ ಕರೆಂಟು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿಗೆ ಟರ್ಬೈನು ಕೂರಿಸಿ, ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಲಾಯಿತು. ಸುಮಾರು 30 ಸಾವಿರ ವೋಲ್ಟಿನ ಆ ಲೈನು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು. ಯೋಜನೆ ರೂಪಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್. ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ತಮ್ಮ ಕೆಲಸ ಹೊತ್ತಿಸಿದ ಒಂದು ದೀಪವನ್ನೂ ನೋಡಲಿಲ್ಲ. 1905ರ ಆಗಸ್ಟ್ 5ರಂದು ಅದೇ ಶಿವನಸಮುದ್ರದ ಕರೆಂಟು ಬೆಂಗಳೂರಿಗೂ ಬಂತು.

ಶಿವನಸಮುದ್ರದಿಂದ ಕೋಲಾರದ ಗಣಿಗೆ ನಕ್ಷೆಯ ಮೇಲೊಂದು ಗೆರೆ ಎಳೆದು ನೋಡಿ. ಅದು ಆಗ ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಕನಕಪುರದ ಸೀಮೆಯನ್ನು ಹಾದೇ ಹೋಗುತ್ತದೆ. ಗಣಿಯ ಯಂತ್ರ ತಿರುಗಿತು, ಬೆಂಗಳೂರಿನ ಬೀದಿ ಬೆಳಗಿತು. ನಡುವಿನ ಹಳ್ಳಿಗಳಲ್ಲಿ ಮಾತ್ರ ಮುಂದೆ ದಶಕಗಳ ಕಾಲ ಹರಳೆಣ್ಣೆ, ಸೀಮೆಎಣ್ಣೆಯ ದೀಪವೇ ಉರಿಯಿತು. ಕರೆಂಟಿನ ಕಂಬ ಊರಿನ ಮೇಲೆ ಹೋಗುವುದಕ್ಕೂ ಊರಿಗೆ ಕರೆಂಟು ಬರುವುದಕ್ಕೂ ನಡುವಿನ ಅಂತರ ಈ ದೇಶದಲ್ಲಿ ಎಂದೂ ಕಡಿಮೆ ಇದ್ದದ್ದಿಲ್ಲ.

ಶಿವನಸಮುದ್ರಕ್ಕೆ ಒಂದು ಕೊರತೆಯಿತ್ತು. ಮಳೆಗಾಲದಲ್ಲಿ ಕಾವೇರಿ ಭೋರ್ಗರೆಯುತ್ತಿತ್ತು, ಬೇಸಿಗೆಯಲ್ಲಿ ಬಡಕಲಾಗುತ್ತಿತ್ತು. ಗಣಿಗೆ ವರ್ಷವಿಡೀ ಒಂದೇ ಸಮನೆ ಕರೆಂಟು ಬೇಕು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಇದೂ ಒಂದು: ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಕೆಳಗಿನ ಟರ್ಬೈನುಗಳಿಗೆ ಬಿಡುವುದು. ಮಂಡ್ಯದ ಗದ್ದೆಗೆ ನೀರುಣಿಸಿದ ಕಟ್ಟೆ ಎಂದೇ ಎಲ್ಲರೂ ಕೆ.ಆರ್.ಎಸ್.ನ್ನು ನೆನೆಯುತ್ತಾರೆ. ಅದು ಈ ನಾಡಿನ ಮೊದಲ ದೊಡ್ಡ ವಿದ್ಯುತ್ ದಾಸ್ತಾನು ಕೂಡ ಹೌದು. ಹುಟ್ಟಿದ ಹೊತ್ತು, ಬೇಕಾದ ಹೊತ್ತು ಎರಡನ್ನೂ ಹೊಂದಿಸುವ ಸಮಸ್ಯೆಯನ್ನು ಮೈಸೂರಿನ ಎಂಜಿನಿಯರುಗಳು ನೂರು ವರ್ಷದ ಹಿಂದೆಯೇ ಎದುರಿಸಿದ್ದರು. ಅವರದು ಋತುವಿನ ಲೆಕ್ಕ. ನಮ್ಮದು ಗಂಟೆಯ ಲೆಕ್ಕ.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1940ರ ಹೊತ್ತಿಗೆ ಶಿಂಷಾ, 1948ರಲ್ಲಿ ಜೋಗ, 1964ರಿಂದಾಚೆಗೆ ಲಿಂಗನಮಕ್ಕಿಯ ನೀರಿನ ಬಲದ ಮೇಲೆ 1,035 ಮೆಗಾವ್ಯಾಟಿನ ಶರಾವತಿ, ಆಮೇಲೆ ಕಾಳಿ, ವಾರಾಹಿ. 1985ರಲ್ಲಿ ರಾಯಚೂರಿನ ಮೊದಲ ಘಟಕ ಹೊತ್ತಿಕೊಳ್ಳುವವರೆಗೆ ರಾಜ್ಯದ ಸ್ವಂತ ಉತ್ಪಾದನೆ ಹೆಚ್ಚುಕಡಿಮೆ ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್ ಖಾತ್ರಿ. ಲಿಂಗನಮಕ್ಕಿಯ ಮಟ್ಟ ಎಷ್ಟು ಅಡಿ ಎಂದು ಪತ್ರಿಕೆಯಲ್ಲಿ ನೋಡುವ ಅಭ್ಯಾಸ ಕನ್ನಡಿಗರಿಗೆ ಅಂಟಿಕೊಂಡದ್ದು ಆಗಲೇ. ಆ ಭಯದಿಂದ ಪಾರಾಗಲು ಕಲ್ಲಿದ್ದಲು ಬಂತು. ರಾಯಚೂರು 1,720, ಬಳ್ಳಾರಿ ಬಳಿಯ ಕುಡತಿನಿ 1,700, ಯರಮರಸ್ 1,600 ಮೆಗಾವ್ಯಾಟ್. ಖಾಸಗಿಯ ಉಡುಪಿ 1,200. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ ಎಂಬುದನ್ನು ಗಮನಿಸಿ. ರಾಯಚೂರಿನ ಒಲೆ ಉರಿಯುವುದು ತೆಲಂಗಾಣ, ಒಡಿಶಾಗಳಿಂದ ಗೂಡ್ಸ್ ರೈಲಿನಲ್ಲಿ ಬರುವ ಕಲ್ಲಿದ್ದಲಿನಿಂದ. ನಡುವೆ 2000ದಲ್ಲಿ ಕೈಗಾ ಅಣುಸ್ಥಾವರ ಬಂತು. ಈಗ ಅಲ್ಲಿನ ನಾಲ್ಕು ಘಟಕಗಳಿಂದ 880 ಮೆಗಾವ್ಯಾಟ್. ಅದರ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ ನಿಂತಾಗ 962 ದಿನ ಎಡೆಬಿಡದೆ ಓಡಿತ್ತು. ಅಣುಶಕ್ತಿಯ ಪರ-ವಿರೋಧದ ಮಾತು ಬೇರೆ. ಎಡೆಬಿಡದೆ ಓಡುವ ಆ ಗುಣ ಮಾತ್ರ ಸೂರ್ಯನಿಗೂ ಇಲ್ಲ, ಗಾಳಿಗೂ ಇಲ್ಲ.

ಸೂರ್ಯ ಬಂದದ್ದು ತಡವಾಗಿ, ಬಂದ ಮೇಲೆ ಧಾವಂತದಿಂದ. 2010ರಲ್ಲಿ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವ್ಯಾಟಿನ ಘಟಕವೇ ದೊಡ್ಡ ಸುದ್ದಿ. ಒಂಬತ್ತು ವರ್ಷ ಕಳೆಯುವುದರಲ್ಲಿ ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಎದ್ದು ನಿಂತಿತು. ಅಲ್ಲಿ ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರದ ನಾಡಿನ ಜಮೀನ್ದಾರನಿಗೆ ಅದು ಮಳೆ ನೋಡದೆ ಬರುವ ಆದಾಯ. ಜಮೀನಿಲ್ಲದ ಕೂಲಿಯವನಿಗೆ ಏನೂ ಇಲ್ಲ. ಈಗ ರಾಜ್ಯದ ಸೌರ ಸಾಮರ್ಥ್ಯ 9 ಸಾವಿರ ಮೆಗಾವ್ಯಾಟ್ ದಾಟಿದೆ. ಚಿತ್ರದುರ್ಗ, ಗದಗ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳದ್ದು 7 ಸಾವಿರಕ್ಕೂ ಹೆಚ್ಚು.

ಇಲ್ಲಿ ಒಂದು ಲೆಕ್ಕವನ್ನು ತಿಳಿಯಾಗಿಸಿಕೊಳ್ಳಬೇಕು. ಮೆಗಾವ್ಯಾಟ್ ಎನ್ನುವುದು ತಾಕತ್ತು. ಯೂನಿಟ್ ಎನ್ನುವುದು ದುಡಿಮೆ. ನೂರು ಮೆಗಾವ್ಯಾಟಿನ ಕಲ್ಲಿದ್ದಲು ಘಟಕ ಹಗಲು ರಾತ್ರಿ ಓಡಬಲ್ಲದು. ನೂರು ಮೆಗಾವ್ಯಾಟಿನ ಸೌರ ಘಟಕ ಇರುಳಿನಲ್ಲಿ ಮಲಗುತ್ತದೆ, ಮೋಡ ಬಂದರೆ ತೂಕಡಿಸುತ್ತದೆ, ಬೆಳಿಗ್ಗೆ ಸಂಜೆ ಅರೆಮನಸ್ಸಿನಲ್ಲಿರುತ್ತದೆ. ವರ್ಷದ ಸರಾಸರಿ ತೆಗೆದರೆ ಅದರ ದುಡಿಮೆ ತಾಕತ್ತಿನ ಐದನೇ ಒಂದು ಭಾಗದಷ್ಟು. ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಾಲು ಪಳೆಯುಳಿಕೆ ಇಂಧನದ್ದಲ್ಲ ಎಂದು 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೆಮ್ಮೆಯಿಂದ ಪ್ರಕಟಿಸಿತು. 2030ಕ್ಕೆ ಇಟ್ಟುಕೊಂಡ ಗುರಿ ಐದು ವರ್ಷ ಮೊದಲೇ ಕೈಗೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಅದು ತಾಕತ್ತಿನ ಲೆಕ್ಕ. ದೇಶದಲ್ಲಿ ಉರಿಯುವ ಪ್ರತಿ ನಾಲ್ಕು ಯೂನಿಟ್‌ನಲ್ಲಿ ಸುಮಾರು ಮೂರು ಈಗಲೂ ಕಲ್ಲಿದ್ದಲಿನದೇ. ಹಾಗಾಗಿ ನಮ್ಮ ಗ್ರಿಡ್‌ನ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಇದೆ. ಭಾಷಣದಲ್ಲಿ ಮೊದಲ ಲೆಕ್ಕ ಕೇಳಿಸುತ್ತದೆ, ಆಕಾಶಕ್ಕೆ ಎರಡನೆಯದು ಹೋಗುತ್ತದೆ.

ಇನ್ನು ಗ್ರಿಡ್. ವಿದ್ಯುತ್ತನ್ನು ಹುಟ್ಟಿದ ಕ್ಷಣದಲ್ಲೇ ಬಳಸಿಬಿಡಬೇಕು. ತಂತಿಯಲ್ಲಿ ಅದನ್ನು ಕೂಡಿಡಲು ಜಾಗವಿಲ್ಲ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕುಳಿತವರು ಹಗಲಿರುಳು ಕಣ್ಣಿಡುವುದು ಒಂದೇ ಸಂಖ್ಯೆಯ ಮೇಲೆ: 50. ನಮ್ಮ ಪರ್ಯಾಯ ವಿದ್ಯುತ್ತಿನ ಅಲೆ ಸೆಕೆಂಡಿಗೆ 50 ಸಲ ಏರಿಳಿಯಬೇಕು. ಏರು ದಾರಿಯಲ್ಲಿ ಗಾಡಿಯ ಹೇರು ಹೆಚ್ಚಾದರೆ ಎತ್ತಿನ ನಡೆ ನಿಧಾನವಾಗುವಂತೆ, ಬೇಡಿಕೆ ಹೆಚ್ಚಿದಾಗ ದೇಶದ ಜನರೇಟರುಗಳೆಲ್ಲ ಒಟ್ಟಿಗೆ ಒಂದಿಷ್ಟು ನಿಧಾನವಾಗುತ್ತವೆ, ಸಂಖ್ಯೆ 49.9ಕ್ಕೆ ಜಾರುತ್ತದೆ. ಹೇರು ಇಳಿದರೆ ಮೇಲೇರುತ್ತದೆ. ದೇಶದ ಎಂದೆ. ಏಕೆಂದರೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನಿಗೆ ಜೀವ ಬಂದ ಮೇಲೆ ದಕ್ಷಿಣ ಭಾರತ ಉಳಿದ ದೇಶದೊಂದಿಗೆ ಒಂದೇ ತಾಳಕ್ಕೆ ಬಂದಿದೆ. ಚನ್ನಪಟ್ಟಣದ ಮೋಟಾರೂ ಚಂಡೀಗಡದ ಮೋಟಾರೂ ಈಗ ಒಂದೇ ಲಯದಲ್ಲಿ ತಿರುಗುತ್ತವೆ.

ಈ ಸಂಖ್ಯೆಯನ್ನು ಕಾಯುವ ಕೆಲಸ ಸೌರಶಕ್ತಿ ಬಂದ ಮೇಲೆ ಕಷ್ಟವಾಗಿದೆ. ಬಿಸಿಲಿನ ದಿನ ಮಧ್ಯಾಹ್ನ ಸಾವಿರಾರು ಮೆಗಾವ್ಯಾಟ್ ಬಂದು ಸುರಿಯುತ್ತದೆ. ಸಂಜೆ ಐದರಿಂದ ಏಳರೊಳಗೆ ಅದಷ್ಟೂ ಮಾಯ. ಸರಿಯಾಗಿ ಅದೇ ಹೊತ್ತಿಗೆ ಬೀದಿದೀಪ ಹೊತ್ತುತ್ತವೆ, ಬೆಂಗಳೂರಿನವರು ಮನೆಗೆ ಬಂದು ಎಲ್ಲ ಸ್ವಿಚ್ಚನ್ನೂ ಒತ್ತುತ್ತಾರೆ. ಆ ಎರಡು ಗಂಟೆಯ ಹಳ್ಳವನ್ನು ತುಂಬಬೇಕಾದವರು ಯಾರು? ಶರಾವತಿಯ ಗೇಟು ಎತ್ತಿದರೆ ಟರ್ಬೈನು ನಿಮಿಷಗಳಲ್ಲಿ ಓಡುತ್ತದೆ. ಆರಿಹೋದ ಕಲ್ಲಿದ್ದಲು ಘಟಕ ಹಾಗಲ್ಲ. ಬಾಯ್ಲರ್ ಕಾದು ಹಬೆ ಹದಕ್ಕೆ ಬರಲು ಹಲವು ಗಂಟೆ ಹಿಡಿಯುತ್ತದೆ. ಹಾಗಾಗಿ ಸಂಜೆ ಬೇಕಾಗುತ್ತದೆಂದು ಮಧ್ಯಾಹ್ನವೂ ಅದನ್ನು ಪೂರ್ತಿ ಆರಿಸದೆ, ಅರ್ಧ ಉರಿಯಲ್ಲಿ ಕಾಯಿಸಿಟ್ಟಿರುತ್ತಾರೆ. ಬಿಸಿಲು ಧಾರಾಳವಾಗಿರುವ ಹೊತ್ತಿನಲ್ಲೂ ರಾಯಚೂರಿನ ಚಿಮಣಿಯಲ್ಲಿ ಹೊಗೆ ಕಾಣುವುದಕ್ಕೆ ಇದೂ ಒಂದು ಕಾರಣ.

2023ರಲ್ಲಿ ಈ ಹೊಂದಾಣಿಕೆಯ ಕಷ್ಟದ ಇನ್ನೊಂದು ಮುಖ ಕಂಡಿತು. ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆಯಿಲ್ಲದೆ ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ತಿಗೆ ಪೆಟ್ಟು. ಅದೇ ಮಳೆಯಿಲ್ಲದ ಕಾರಣಕ್ಕೆ, ಸಾಮಾನ್ಯವಾಗಿ ಪಂಪು ಹೆಚ್ಚು ಹಚ್ಚದ ಅಕ್ಟೋಬರಿನಲ್ಲಿ ರೈತರು ಪಂಪು ಹಚ್ಚಿದರು, ಬೇಡಿಕೆ ಗಗನಕ್ಕೆ. ಒಂದೇ ಬರ ಪೂರೈಕೆಯನ್ನು ಇಳಿಸಿತು, ಬೇಡಿಕೆಯನ್ನು ಏರಿಸಿತು. ಪಂಪ್‌ಸೆಟ್ಟಿನ ಏಳು ಗಂಟೆ ಐದಕ್ಕೆ ಇಳಿದು ಗದ್ದಲವಾಗಿ ಮತ್ತೆ ಏಳಕ್ಕೆ ಬಂತು. ಹೊರ ರಾಜ್ಯಗಳಿಂದ ಕರೆಂಟು ಕೊಳ್ಳಬೇಕಾಯಿತು. ಹವಾಮಾನ ಬದಲಾದಂತೆ ಇಂಥ ವರ್ಷಗಳು ಹೆಚ್ಚಾಗುತ್ತವೆಂದಾದರೆ, ಜಲವಿದ್ಯುತ್ತನ್ನು ಕಣ್ಣುಮುಚ್ಚಿ ನೆಚ್ಚಿಕೊಳ್ಳುವ ಕಾಲ ಮುಗಿಯಿತು ಎಂದೇ ಅರ್ಥ.

ಈಗ ಕನಕಪುರ, ಚನ್ನಪಟ್ಟಣಗಳಿರುವ ರಾಮನಗರ ಜಿಲ್ಲೆಗೆ ಬರೋಣ. ಸರ್ಕಾರಿ ಕಡತದಲ್ಲಿ 2025ರಿಂದ ಇದು ಬೆಂಗಳೂರು ದಕ್ಷಿಣ ಜಿಲ್ಲೆ. ರೇಷ್ಮೆಗೂಡು ಹೊತ್ತು ಬರುವವರ ಬಾಯಲ್ಲಿ ಇನ್ನೂ ರಾಮನಗರವೇ. ಪಾವಗಡದಂಥ ಸೋಲಾರ್ ಪಾರ್ಕನ್ನು ಇಲ್ಲಿ ನಿರೀಕ್ಷಿಸಬೇಡಿ. ಬೆಂಗಳೂರಿನ ಮಗ್ಗುಲಿನ ಈ ಜಮೀನಿನ ಬೆಲೆಗೆ ಸೌರಫಲಕ ಹಾಸಿ ಗಿಟ್ಟುವುದಿಲ್ಲ. ಚಿತ್ರದುರ್ಗದ ಗಾಳಿಯೂ ಇಲ್ಲಿಲ್ಲ. ಇಲ್ಲಿರುವುದು ಹಿಪ್ಪುನೇರಳೆ, ತೆಂಗು, ಮಾವು, ಬಾಳೆ ಮತ್ತು ಅವಕ್ಕೆ ನೀರೆತ್ತುವ ಬೋರ್‌ವೆಲ್ಲುಗಳು. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಪಂಪ್‌ಸೆಟ್ಟುಗಳದ್ದು. 10 ಅಶ್ವಶಕ್ತಿವರೆಗಿನ ಪಂಪಿಗೆ 2008ರಿಂದ ಬಿಲ್ಲೇ ಇಲ್ಲ.

ಒಂದು ಪಂಪನ್ನು ಹತ್ತಿರದಿಂದ ನೋಡೋಣ. 5 ಎಚ್‌ಪಿ ಮೋಟಾರು ಏಳು ಗಂಟೆ ಓಡಿದರೆ ಸುಮಾರು 30 ಯೂನಿಟ್ ಉಣ್ಣುತ್ತದೆ. ಗ್ರಿಡ್‌ನ ಸರಾಸರಿ ಹಿಡಿದರೆ ಅದರ ಹಿಂದೆ ದಿನಕ್ಕೆ 20 ಕೆಜಿ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲು ಘಟಕವೇ ಹೆಗಲು ಕೊಡುವ ನಡುರಾತ್ರಿ ಓಡಿದರೆ ಇನ್ನೂ ಹೆಚ್ಚು. ಮಧ್ಯಾಹ್ನ ಹನ್ನೆರಡಕ್ಕೆ ಸೌರವಿದ್ಯುತ್ ಉಕ್ಕುವಾಗ ಓಡಿದರೆ ಬಹಳ ಕಡಿಮೆ. ಪಂಪು ಅದೇ, ನೀರು ಅದೇ, ತೋಟ ಅದೇ. ಹೊತ್ತು ಮಾತ್ರ ಬೇರೆ. ಅಡುಗೆಮನೆಯ ಮಿಕ್ಸಿಯನ್ನೋ ಆಸ್ಪತ್ರೆಯ ಯಂತ್ರವನ್ನೋ ಬಿಸಿಲು ನೋಡಿಕೊಂಡು ಓಡಿಸಲಾಗದು. ಹಿಪ್ಪುನೇರಳೆಗೆ ನೀರು ರಾತ್ರಿ ಎರಡಕ್ಕೇ ಬೇಕೆಂದೇನೂ ಇಲ್ಲ. ರಾತ್ರಿ ಬಿಡುತ್ತಿದ್ದದ್ದು ಕರೆಂಟು ಆಗ ಸಿಗುತ್ತಿತ್ತೆಂದು. ಕರೆಂಟನ್ನು ಆಗ ಕೊಡುತ್ತಿದ್ದದ್ದು ಊರು ಮಲಗಿದ ಮೇಲೆ ಕಲ್ಲಿದ್ದಲು ಘಟಕಗಳಿಗೆ ಬೇರೆ ಗಿರಾಕಿ ಇಲ್ಲದ್ದರಿಂದ. ಸೂರ್ಯ ಆ ಲೆಕ್ಕವನ್ನು ತಿರುವುಮುರುವು ಮಾಡಿದ್ದಾನೆ. ರಾಜ್ಯ ಹಂತಹಂತವಾಗಿ ಪಂಪ್‌ಸೆಟ್ ಫೀಡರುಗಳನ್ನು, ಅಂದರೆ ಸಬ್‌ಸ್ಟೇಷನ್ನಿನಿಂದ ಪಂಪುಗಳಿಗೆ ಹೋಗುವ ಲೈನುಗಳನ್ನು, ಹಗಲಿಗೆ ಹೊರಳಿಸುತ್ತಿದೆ. 2025ರ ಮಾರ್ಚಿನಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿ ದಾಖಲೆಯಾದದ್ದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಲ್ಲ, ಹಗಲಿನಲ್ಲಿ.

ಇದರಲ್ಲಿ ರೈತನಿಗೇನು ಲಾಭ ಎಂದು ಕೇಳುವವರು ಕಾಡಂಚಿನ ಊರಿನಲ್ಲಿ ಒಂದು ರಾತ್ರಿ ಉಳಿಯಬೇಕು. ಕಾವೇರಿ ವನ್ಯಧಾಮ, ಬನ್ನೇರುಘಟ್ಟ, ತೆಂಗಿನಕಲ್ಲು ಅರಣ್ಯ, ಇವುಗಳ ಅಂಚಿನ ಕನಕಪುರ, ಚನ್ನಪಟ್ಟಣದ ಹಳ್ಳಿಗಳಿಗೆ ಆನೆ ಬರುವುದು ಕತ್ತಲಾದ ಮೇಲೆ. ನಡುರಾತ್ರಿ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ತೋಟಕ್ಕೆ ಹೊರಟವನಿಗೆ ಎದುರಾಗುವುದು ಆನೆಯೋ, ಬದುವಿನ ಹಾವೋ, ತೇವದ ಸ್ಟಾರ್ಟರ್ ಡಬ್ಬಿಯೋ ಹೇಳಲಾಗದು. ಆಟೋ ಸ್ಟಾರ್ಟರ್ ಹಾಕಿದವರು ಮನೆಯಲ್ಲೇ ಮಲಗುತ್ತಾರೆ. ಪಂಪು ತನ್ನ ಪಾಡಿಗೆ ಓಡಿ, ಮಡಿ ತುಂಬಿ ನೀರು ರಸ್ತೆಗೆ ಹರಿಯುತ್ತದೆ. ಇಂಗಾಲ ಇಳಿಸುವ ಕ್ರಮಗಳಲ್ಲಿ ಬಡವನಿಗೆ ನೇರವಾಗಿ ನಿದ್ದೆ ಕೊಡುವಂಥವು ಹೆಚ್ಚಿಲ್ಲ. ಹಗಲಿನ ತ್ರೀ ಫೇಸ್ ಅಂಥದ್ದು.

ಕನಕಪುರ ತಾಲ್ಲೂಕು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಅರ್ಕಾವತಿಗೆ ಅಣೆಕಟ್ಟು ಕಟ್ಟಿದ ಹಾರೋಬೆಲೆಯ ಸುತ್ತ, 2014ರಲ್ಲಿ ಘೋಷಿಸಿದ ‘ಸೂರ್ಯ ರೈತ’ ಯೋಜನೆಯಡಿ ಮುನ್ನೂರಕ್ಕೂ ಹೆಚ್ಚು ಹಳೆಯ ಪಂಪುಗಳನ್ನು ಕಿತ್ತು ಸೌರ ಪಂಪು ಹಾಕಲಾಯಿತು. ಜಾಣತನ ಇದ್ದದ್ದು ಫಲಕದ ಅಳತೆಯಲ್ಲಿ. ಪಂಪಿಗೆ ಬೇಕಾದ್ದಕ್ಕಿಂತ ದೊಡ್ಡ ಫಲಕ ಹಾಕಿ, ಪಂಪನ್ನು ಗ್ರಿಡ್‌ಗೆ ಜೋಡಿಸಿದರು. ತೋಟಕ್ಕೆ ನೀರು ಸಾಕೆನಿಸಿದಾಗ ಪಂಪು ನಿಲ್ಲಿಸಿದರೆ ಫಲಕದ ಕರೆಂಟು ಅದೇ ತಂತಿಯಲ್ಲಿ ಹಿಂದಕ್ಕೆ ಹರಿದು ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂಗೆ ಸೇರಬೇಕು. ರೈತರೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಯೂನಿಟ್‌ಗೆ ಏಳು ರೂಪಾಯಿಗೂ ಮಿಕ್ಕ ದರ. ದೊಡ್ಡ ಪಾಲು ಸಾಲದ ಕಂತಿಗೆ, ಉಳಿದದ್ದು ರೈತನ ಕೈಗೆ.

ನನ್ನ ಮಟ್ಟಿಗೆ ಇದು ಕರ್ನಾಟಕದ ವಿದ್ಯುತ್ ಚರಿತ್ರೆಯ ಅತಿ ಬುದ್ಧಿವಂತ ಆಲೋಚನೆಗಳಲ್ಲೊಂದು. ಉಚಿತ ಕರೆಂಟಿನಲ್ಲಿ ರೈತನಿಗೆ ಪಂಪು ನಿಲ್ಲಿಸಲು ಕಾರಣವೇ ಇಲ್ಲ. ಇಲ್ಲಿ ಪಂಪು ನಿಲ್ಲಿಸಿದ ಪ್ರತಿ ಗಂಟೆಗೂ ಬೆಲೆ ಸಿಗುತ್ತದೆ. ನೆಲದೊಳಗೆ ನೀರು ಉಳಿಯುತ್ತದೆ, ಗ್ರಿಡ್‌ಗೆ ಕರೆಂಟು ಬರುತ್ತದೆ. ಹಾಗಿದ್ದರೆ ಅದು ರಾಜ್ಯವೆಲ್ಲ ಹಬ್ಬಲಿಲ್ಲವೇಕೆ? ದೊಡ್ಡ ಕಾರಣ ಬೆಲೆ. ಹಾರೋಬೆಲೆಗೆ ದರ ನಿಗದಿಯಾದಾಗ ಸೌರಫಲಕ ದುಬಾರಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಹರಾಜು ಯೂನಿಟ್‌ಗೆ 2 ರೂಪಾಯಿ 44 ಪೈಸೆಗೆ ಇಳಿಯಿತು. ಮೂರು ರೂಪಾಯಿಗೆ ಬಯಲಿನಲ್ಲಿ ಸಿಗುವ ಕರೆಂಟಿಗೆ ಪಂಪ್‌ಸೆಟ್ಟಿನಲ್ಲಿ ಏಳು ರೂಪಾಯಿ ಕೊಡುವವರಾರು? ಇನ್ನೊಂದು ತೊಡಕು ತಾಂತ್ರಿಕ. ಗ್ರಿಡ್‌ನಲ್ಲಿ ಕರೆಂಟು ಹೋದರೆ ಅದಕ್ಕೆ ಜೋಡಿಸಿದ ಇನ್ವರ್ಟರ್ ಕೂಡ ಕರೆಂಟು ಕಳಿಸುವುದನ್ನು ತಕ್ಷಣ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣಕ್ಕೆ ಕುತ್ತು. ಹಳ್ಳಿಯ ಫೀಡರ್ ಪದೇ ಪದೇ ಟ್ರಿಪ್ ಆದರೆ ಬಿಸಿಲಿದ್ದೂ ಮಾರಾಟವಿಲ್ಲ.

ಈಗ ಬಂದಿರುವುದು ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಫೀಡರ್ ಮಾದರಿ. ಪ್ರತಿ ಪಂಪಿಗೆ ಫಲಕ ಹಾಕುವ ಬದಲು, ಸಬ್‌ಸ್ಟೇಷನ್ ಹತ್ತಿರ ಒಂದೇ ಕಡೆ ಕೆಲವು ಮೆಗಾವ್ಯಾಟಿನ ಸೌರ ಘಟಕ ಹಾಕಿ ಆ ಫೀಡರಿನ ಪಂಪುಗಳಿಗೆಲ್ಲ ಹಗಲು ಕರೆಂಟು ಕೊಡುವುದು. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಸಾಕು. ಕರೆಂಟು ನೂರಾರು ಕಿಲೋಮೀಟರ್ ಓಡಬೇಕಾಗಿಲ್ಲ, ತಂತಿಯಲ್ಲಿ ಸೋರುವುದು ಕಡಿಮೆ. ಅಗ್ಗ, ಸುಲಭ, ಸರಿ. ಆದರೆ ಹಾರೋಬೆಲೆಯ ಆತ್ಮ ಇದರಲ್ಲಿಲ್ಲ. ಪಂಪು ನಿಲ್ಲಿಸಿದ ರೈತನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಹಗಲಿನ, ಪುಕ್ಕಟೆಯ, ಹೊಗೆಯಿಲ್ಲದ ಕರೆಂಟು ಬೋರ್‌ವೆಲ್ಲನ್ನು ಇನ್ನಷ್ಟು ಬೇಗ ಬತ್ತಿಸಬಹುದು.

ಬತ್ತುವ ಬೋರ್‌ವೆಲ್ಲೂ ಇಂಗಾಲದ ಲೆಕ್ಕವೇ. ಸಾವಿರ ಲೀಟರ್ ನೀರನ್ನು 500 ಅಡಿ ಆಳದಿಂದ ಮೇಲೆತ್ತಲು ಭೌತಶಾಸ್ತ್ರ ಕೇಳುವುದು 0.4 ಯೂನಿಟ್. ಪಂಪು, ಮೋಟಾರು, ಪೈಪುಗಳ ನಷ್ಟ ಸೇರಿಸಿದರೆ ವಾಸ್ತವದಲ್ಲಿ ಹತ್ತಿರ ಹತ್ತಿರ ಒಂದು ಯೂನಿಟ್. ನೀರು ಸಾವಿರ ಅಡಿಗೆ ಇಳಿದರೆ ಎರಡು ಯೂನಿಟ್. ಅಂತರ್ಜಲ ಇಳಿದ ಪ್ರತಿ ಅಡಿಯೂ ಗ್ರಿಡ್‌ನ ಮೇಲೆ ಹೊಸ ಹೊರೆ. ಚನ್ನಪಟ್ಟಣದ ಕಡೆ ಇಗ್ಗಲೂರಿನಿಂದ ಶಿಂಷಾ ನೀರೆತ್ತಿ ಕೆರೆ ತುಂಬಿಸುವುದನ್ನು ನೀರಾವರಿಯ ಕೆಲಸ ಎಂದಷ್ಟೇ ನೋಡುತ್ತೇವೆ. ನದಿಯಿಂದ ಕೆರೆಗೆ ಎತ್ತಲು ಕರೆಂಟು ಬೇಕು, ನಿಜ. ಆದರೆ ಕೆರೆಯ ಕೆಳಗಿನ ನೂರು ಬೋರ್‌ವೆಲ್ಲಿನಲ್ಲಿ ನೀರು ನೂರಡಿ ಮೇಲೆ ಬಂದರೆ ದಿನದಿನವೂ ಉಳಿಯುವ ಯೂನಿಟ್‌ಗಳನ್ನು ಯಾರೂ ಲೆಕ್ಕ ಇಟ್ಟಿಲ್ಲ. ಹೂಳೆತ್ತಿದ ಕೆರೆಯನ್ನು ವಿದ್ಯುತ್ ಇಲಾಖೆಯ ಸಾಧನೆಯ ಪಟ್ಟಿಗೂ ಸೇರಿಸಬೇಕೆಂದು ನನ್ನ ವಾದ.

ಚನ್ನಪಟ್ಟಣ ಎಂದಾಗ ಗೊಂಬೆಯನ್ನು ಬಿಟ್ಟು ಮುಂದೆ ಹೋಗಲಾಗದು. ಕುಶಲಕರ್ಮಿ ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿ ಹಿಡಿದು ಆಕಾರ ತೆಗೆಯುತ್ತಾನೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಸುತ್ತುವ ಮರಕ್ಕೆ ಒತ್ತುತ್ತಾನೆ. ಬೆಂಕಿ ಇಲ್ಲ, ಕುಂಚ ಇಲ್ಲ. ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆ ಗರಿ ಒತ್ತಿದರೆ ಹೊಳಪು. ಕರೆಂಟು ಚಲನೆಯಾಗಿ, ಚಲನೆ ಶಾಖವಾಗಿ ಬಣ್ಣ ಕೂರುವ ಈ ಕೆಲಸ ನಡೆಯುವುದು ಹಗಲಿನಲ್ಲಿ, ಒಂದು ಎಚ್‌ಪಿಯ ಆಸುಪಾಸಿನ ಮೋಟಾರಿನಲ್ಲಿ, ಮನೆಯ ಜಗಲಿಯಲ್ಲಿ. ಬಿಸಿಲಿಗೆ ಹೇಳಿ ಮಾಡಿಸಿದ ಕಸುಬು. ರಾಮನಗರದ ರೇಷ್ಮೆಯದು ಹಾಗಲ್ಲ. ಗೂಡು ಬೇಯಿಸಿ ನೂಲು ಬಿಚ್ಚುವಲ್ಲಿ ಮೋಟಾರಿಗಿಂತ ಬಿಸಿನೀರಿನ ಖರ್ಚು ದೊಡ್ಡದು. ಆ ಒಲೆಗೆ ಬಹುಪಾಲು ಸೌದೆ. ವಿದ್ಯುತ್ತಿನ ಅಂಕಿಅಂಶದಲ್ಲಿ ಆ ಹೊಗೆ ಕಾಣುವುದೇ ಇಲ್ಲ.

ಇದೇ ಜಿಲ್ಲೆಯ ಬಿಡದಿಯಲ್ಲಿ ರಾಜ್ಯದ ವಿದ್ಯುತ್ ನಿಗಮ (ಕೆಪಿಸಿ) ಒಂದು ಕಾಲಕ್ಕೆ ಅನಿಲದಿಂದ ಕರೆಂಟು ಮಾಡುವ ದೊಡ್ಡ ಸ್ಥಾವರದ ಕನಸು ಕಂಡಿತ್ತು. ಸಂಜೆಯ ಹಳ್ಳ ತುಂಬಲು ಅನಿಲ ಕಲ್ಲಿದ್ದಲಿಗಿಂತ ಚುರುಕು, ಹೊಗೆಯೂ ಅರ್ಧ. ಆದರೆ ಅಗ್ಗದ ಅನಿಲ ಎಂದೂ ಸಿಗಲಿಲ್ಲ; ಬಿಡದಿಯ ಸ್ಥಾವರ ಕಾಗದದಲ್ಲೇ ಉಳಿಯಿತು. 370 ಮೆಗಾವ್ಯಾಟಿನ ಅನಿಲ ಸ್ಥಾವರ 2024ರಲ್ಲಿ ಯಲಹಂಕದಲ್ಲಿ ಆಯಿತು. ಬಿಡದಿಗೆ ಬಂದದ್ದು ಬೆಂಗಳೂರಿನ ಕಸ. 2020ರ ಡಿಸೆಂಬರಿನಲ್ಲಿ ಅಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವ್ಯಾಟ್ ತೆಗೆಯುವ ಘಟಕಕ್ಕೆ ಅಡಿಗಲ್ಲು ಬಿತ್ತು. 18 ಸಾವಿರದ ಬೇಡಿಕೆಯ ಮುಂದೆ ಹನ್ನೊಂದೂವರೆ! ನಮ್ಮ ಕಸದಲ್ಲಿ ಹಸಿ ಹೆಚ್ಚು. ಶಾಖದ ಒಂದಿಷ್ಟು ಪಾಲು ಅದನ್ನು ಒಣಗಿಸುವುದಕ್ಕೇ ಹೋಗುತ್ತದೆ. ಚೆನ್ನಾಗಿ ಉರಿಯುವುದು ಪ್ಲಾಸ್ಟಿಕ್, ಅದು ಪೆಟ್ರೋಲಿಯಂನ ಕೂಸು. ಇದನ್ನು ಕಸದ ಸಮಸ್ಯೆಯ ಪರಿಹಾರ ಎಂದು ಸಮರ್ಥಿಸಿಕೊಳ್ಳಲಿ, ಹಸಿರು ವಿದ್ಯುತ್ ಎನ್ನುವುದು ಬೇಡ.

ಮೇಕೆದಾಟು ಯೋಜನೆಯ ಮಾತು ಬಂದಾಗಲೂ 400 ಮೆಗಾವ್ಯಾಟ್ ವಿದ್ಯುತ್ ಎಂಬ ಸಾಲು ಇದ್ದೇ ಇರುತ್ತದೆ. ಕನಕಪುರ ತಾಲ್ಲೂಕಿನ ಕಾವೇರಿ ಕಣಿವೆಯಲ್ಲಿ 67 ಟಿಎಂಸಿ ಅಡಿ ನೀರು ನಿಲ್ಲಿಸುವ, 9 ಸಾವಿರ ಕೋಟಿಯ ಅಂದಾಜಿನ ಈ ಯೋಜನೆಗೆ ಸುಮಾರು 5 ಸಾವಿರ ಹೆಕ್ಟೇರ್ ಮುಳುಗಡೆಯಾಗುತ್ತದೆ; ಬಹುಪಾಲು ವನ್ಯಧಾಮದ ಕಾಡು. ಬೆಂಗಳೂರಿನ ಕುಡಿಯುವ ನೀರಿಗಾಗಿ ಅದು ಬೇಕೇ ಎಂಬ ಚರ್ಚೆ ಬೇರೆ, ತಮಿಳುನಾಡಿನ ತಕರಾರು ಬೇರೆ. ಕೇವಲ ವಿದ್ಯುತ್ತಿನ ಕಣ್ಣಿನಿಂದ ನೋಡಿದರೆ 400 ಮೆಗಾವ್ಯಾಟಿಗೆ ಈ ಬೆಲೆ ದುಬಾರಿ. ಶರಾವತಿ ಕಣಿವೆಯಲ್ಲಿ ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಹಗಲು ಮೇಲೆತ್ತಿ ಸಂಜೆ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಯೋಜನೆಯದೂ ಇದೇ ಸಂಕಟ: ಸಂಜೆಯ ಹಳ್ಳ ತುಂಬಲು ಅದು ಸಮರ್ಥ, ಆದರೆ ಅದು ಹಾಯುವುದು ಸಿಂಗಳೀಕಗಳ ಕಾಡನ್ನು. ಬ್ಯಾಟರಿಯ ಬೆಲೆ ವರ್ಷವರ್ಷವೂ ಇಳಿಯುತ್ತಿರುವಾಗ ಕಾಡು ಕಡಿಯುವ ತೀರ್ಮಾನಕ್ಕೆ ಅವಸರ ಬೇಡ ಎಂದೇ ನನ್ನ ನಿಲುವು.

ಮನೆಯ ತಾರಸಿಯ ಬಗ್ಗೆಯೂ ಒಂದು ಮಾತು. 2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್ ಫಲಕಕ್ಕೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. 2023ರ ಆಗಸ್ಟಿನಿಂದ ರಾಜ್ಯದ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲನ್ನೇ ತೆಗೆದಿದೆ. ಬಿಲ್ಲೇ ಬಾರದ ಮನೆಯವರು ಕೈಯಿಂದ ಇನ್ನಷ್ಟು ಹಣ ಹಾಕಿ ಫಲಕ ಏಕೆ ಹಾಕಿಸಿಕೊಂಡಾರು? ಎರಡೂ ಜನಪರ ಯೋಜನೆಗಳೇ, ಒಂದಕ್ಕೊಂದು ಅಡ್ಡಗಾಲು. ಗೃಹಜ್ಯೋತಿಯ ಹಣದ ಒಂದು ಪಾಲನ್ನೇ ಬಡವರ ತಾರಸಿಯ ಫಲಕಕ್ಕೆ ತಿರುಗಿಸಿದರೆ ಸರ್ಕಾರದ ಹೊರೆಯೂ ಇಳಿದೀತು. ಬಿಸಿಲಿನ ನಾಡಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಸಣ್ಣ ಮನೆಗೆ ಅಷ್ಟು ಸಾಕು.

ಓದುಗರಲ್ಲಿ ರೈತರಿದ್ದರೆ, ರೈತರ ಮಕ್ಕಳಿದ್ದರೆ ಒಂದು ಕೋರಿಕೆ. ನಿಮ್ಮ ಪಂಪ್‌ಸೆಟ್ ಯಾವ ಫೀಡರಿಗೆ ಸೇರಿದೆ, ಆ ಫೀಡರ್ ಕುಸುಮ್ ಪಟ್ಟಿಯಲ್ಲಿದೆಯೇ ಎಂದು ಬೆಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಇದ್ದರೆ ಘಟಕಕ್ಕೆ ಯಾವ ಜಮೀನು ಗುರುತಿಸಿದ್ದಾರೆ, ಅದು ಊರಿನ ದನಕರು ಮೇಯುವ ಗೋಮಾಳವೇ ಎಂಬ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಿ. ಹಗಲಿನ ಏಳು ಗಂಟೆಯನ್ನು ಬರವಣಿಗೆಯಲ್ಲಿ ಕೇಳಿ. ಜೊತೆಗೆ ಪಂಪು ನಿಲ್ಲಿಸಿ ನೀರು ಉಳಿಸಿದವರಿಗೆ ಹಾರೋಬೆಲೆಯಂತೆ ಏನಾದರೂ ಕೊಡುತ್ತೀರಾ ಎಂದೂ ಕೇಳಿ. ಆ ಕೊನೆಯ ಪ್ರಶ್ನೆಯನ್ನು ಅಧಿಕಾರಿಗಳ ಮುಂದೆ ಎಷ್ಟು ಹೆಚ್ಚು ಗ್ರಾಮಸಭೆಗಳು ಇಡುತ್ತವೆಯೋ ಅಷ್ಟು ಒಳ್ಳೆಯದು.